ಭಾವನವರು ಜೋಳಿಗೆ ಆರಿಸಿದ್ದು

ನನ್ನ ಭಾವನವರು ಇನ್ನೂ ಹುಟ್ಟದ ಮಗುವನ್ನು ಎದೆಗೆ ಕಟ್ಟಿಕೊಂಡು ಬಾಂದ್ರಾದಿಂದ ಅಂಧೇರಿಗೆ ಮುಂಬೈಯ ಲೋಕಲ್ ರೈಲಿನಲ್ಲಿ ಬಂದವರು ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ. ಆ ಡಬ್ಬಿಯಲ್ಲಿದ್ದವರು ಮಾತ್ರ ಮೊದಲು ನಂಬಿಬಿಟ್ಟಿದ್ದರು!

ಭಾವ ಎಂದರೆ ನನ್ನ ಗಂಡನ ಅಣ್ಣ. ಐವತ್ತು ದಾಟಿದೆ, ಮದುವೆಯಾಗಿಲ್ಲ. ಯಾಕೆ ಎಂದು ಕೇಳಿದರೆ ನನ್ನ ಗಂಡ, "ಅಣ್ಣ ಇನ್ನೂ ವಿಚಾರ ಮಾಡ್ಲಿಕ್ಕತ್ತಾನ" ಎನ್ನುತ್ತಾರೆ. ಧಾರವಾಡದಿಂದ ಬಂದು ಅಂಧೇರಿಯಲ್ಲಿ ನೆಲೆಸಿದ ಕುಟುಂಬ. ಮೈಸೂರಿನ ನಾನು ಮದುವೆಯಾಗಿ ಬಂದಾಗಿನಿಂದ ನಾವು ಮೂವರೂ ಒಂದೇ ಫ್ಲ್ಯಾಟಿನಲ್ಲಿದ್ದೇವೆ. ಭಾವನವರು ಏನನ್ನೂ ಸುಮ್ಮನೆ ಕೊಳ್ಳುವುದಿಲ್ಲ. ಒಮ್ಮೆ ಕುಕ್ಕರ್ ತರಲು ಹೋಗಿ, ಅಂಗಡಿಯವನಿಂದ ಒಲೆ ಹಚ್ಚಿಸಿ, ಸಂಗೀತ ಕಛೇರಿಯಲ್ಲಿ ಕೂತವರಂತೆ ಕಣ್ಣು ಮುಚ್ಚಿ ಸೀಟಿ ಕೇಳಿದರು. ಕೊನೆಗೆ ತಲೆಯಾಡಿಸಿ, "ಬ್ಯಾಡ್ರಿ, ಇದರ ಧ್ವನಿಯೊಳಗ ಸಿಟ್ಟದ" ಎಂದು ಎದ್ದು ಬಂದರು!

ಇಂಥವರಿರುವ ಮನೆಯಲ್ಲಿ ನಾನು ಬಸುರಿಯಾದೆ. ಮುಂಬೈಯ ಫುಟ್‌ಪಾತಿನ ಮೇಲೆ ಮಗುವಿನ ತಳ್ಳುಗಾಡಿ ಓಡಿಸುವುದು ಸಾಧ್ಯವೇ? ಅಲ್ಲಿ ವಡಾಪಾವ್ ಗಾಡಿ ಇರುತ್ತದೆ, ನಿಲ್ಲಿಸಿದ ಬೈಕುಗಳಿರುತ್ತವೆ, ನಿದ್ದೆ ಹೋದ ನಾಯಿ ಇರುತ್ತದೆ. ನಡೆಯಲು ಮಾತ್ರ ಜಾಗ ಇರುವುದಿಲ್ಲ. ಹಾಗಾಗಿ ಮಗುವನ್ನು ಮೈಗೆ ಕಟ್ಟಿಕೊಳ್ಳುವ ಸ್ಲಿಂಗ್ ತರೋಣ ಎಂದೆ. ಗಂಡ ಮೊಬೈಲ್ ತೆಗೆದರು. ಭಾವನವರು ಅದನ್ನು ಕಸಿದುಕೊಂಡೇಬಿಟ್ಟರು.

"ಕೂಸಿನ ಜೋಳಿಗಿ ಕೈಲೆ ಮುಟ್ಟಿ ನೋಡದ ತರಸ್ತೀಯೇನು? ಚಪ್ಪಲಿ ತರಸಿಧಂಗ?"

"ಅಣ್ಣಾ, ಸರಿ ಇಲ್ಲಾಂದ್ರ ರಿಟರ್ನ್ ಮಾಡಬಹುದು."

"ಜೋಳಿಗಿ ರಿಟರ್ನ್ ಮಾಡ್ತಿ. ಕೂಸು?"

ಆರಿಸುವ ಅಧಿಕಾರ ಭಾವನವರಿಗೆ ಹೋಯಿತು.

ಮೊದಲು ಅವರು ಹೋದದ್ದು ಅಂಗಡಿಗಲ್ಲ, ಮಕ್ಕಳ ಡಾಕ್ಟರ ಹತ್ತಿರ! ಅಳುವ ಮಕ್ಕಳನ್ನು ಹೊತ್ತ ತಾಯಂದಿರ ಸಾಲಿನಲ್ಲಿ ಒಬ್ಬರೇ ಕೂತು, ತಮ್ಮ ಸರದಿ ಬಂದಾಗ ಒಳಗೆ ಹೋದರು. ಡಾಕ್ಟರಮ್ಮ ಅವರ ಹಿಂದೆ ಮುಂದೆ ನೋಡಿ, "ಮಗು ಎಲ್ಲಿ?" ಎಂದು ಕೇಳಿದರಂತೆ.

"ಇನ್ನೂ ಬಂದಿಲ್ಲ ಡಾಕ್ಟರ್. ಬರೂದ್ರೊಳಗ ತಯಾರಿ."

ಆಕೆ ನಕ್ಕರೂ ಎಲ್ಲವನ್ನೂ ಬಿಡಿಸಿ ಹೇಳಿದರಂತೆ. ಮಗುವಿನ ಮುಖ ನಮಗೆ ಸದಾ ಕಾಣುತ್ತಿರಬೇಕು, ಮೂಗಿನ ಮೇಲೆ ಬಟ್ಟೆ ಬರಬಾರದು, ಗದ್ದ ಎದೆಗೆ ಒತ್ತಿರಬಾರದು. ಮತ್ತೆ, ನಾವು ತಲೆ ಬಗ್ಗಿಸಿದರೆ ಮಗುವಿನ ನೆತ್ತಿಗೆ ಮುತ್ತು ಕೊಡುವಷ್ಟು ಎತ್ತರದಲ್ಲಿ ಕಟ್ಟಿರಬೇಕು.

ಆಮೇಲೆ ಬಾಂದ್ರಾದ ಅಂಗಡಿ. ನಾನೂ ಜೊತೆಗೆ ಹೋಗಿದ್ದೆ, ಆ ಭಾಗ್ಯ ನನ್ನದು! ಮಾರುವ ಹುಡುಗಿ ಸ್ಲಿಂಗಿನಲ್ಲಿ ಒಂದು ಗೊಂಬೆ ಇಟ್ಟು ತೋರಿಸಿದಳು. ಭಾವನವರು ಗೊಂಬೆಯನ್ನು ಎತ್ತಿ ನೋಡಿ, "ಇದು ಹಪ್ಪಳಧಂಗ ಹಗುರದ" ಎಂದು ಪಕ್ಕಕ್ಕಿಟ್ಟು, ತಮ್ಮ ಬ್ಯಾಗಿನಿಂದ ಮಗುವಿನ ತೂಕದ ಅಕ್ಕಿಯ ಚೀಲ ತೆಗೆದರು. ಹುಡುಗಿ ನನ್ನ ಮುಖ ನೋಡಿದಳು. ನಾನು ಫ್ಯಾನು ನೋಡಿದೆ.

ಉದ್ದನೆಯ ಬಟ್ಟೆಯನ್ನು ಮೈಗೆ ಸುತ್ತಿ ಗಂಟು ಹಾಕುವಂಥದ್ದನ್ನು ಕಟ್ಟಿಕೊಂಡಾಗ ಅವರು ಪೇಟ ಜಾರಿ ಹೊಟ್ಟೆಗೆ ಬಂದ ಮದುಮಗನಂತೆ ಕಂಡರು. ಬೆಲ್ಟು ಬಕಲುಗಳದ್ದನ್ನು ಹಾಕಿಕೊಂಡಾಗ ಪ್ಯಾರಾಶೂಟಿನಿಂದ ಹಾರಲು ಹೊರಟ ಸಿಪಾಯಿಯಂತೆ. ಪ್ರತಿಯೊಂದನ್ನೂ ತೊಟ್ಟು ಬಗ್ಗಿದರು, ಎದ್ದರು, ಅಂಗಡಿಯ ಮೆಟ್ಟಿಲು ಹತ್ತಿ ಇಳಿದರು, ಬೇಕೆಂದೇ ಜೋರಾಗಿ ಸೀನಿದರು! "ಸೀನು ಬಂದ್ರ ಕೂಸು ಎಷ್ಟು ಅಳ್ಳಾಡ್ತದ ನೋಡಬೇಕಲ್ಲ?"

ಕೊನೆಗೆ ಮನಸ್ಸಿಗೆ ಬಂದದ್ದು ತೆಳುವಾದ ಹತ್ತಿಬಟ್ಟೆಯದು. ಭುಜದ ಹತ್ತಿರ ಲೋಹದ ಎರಡು ಬಳೆಗಳಿದ್ದು, ಬಟ್ಟೆಯ ಸೆರಗನ್ನು ಅವುಗಳಲ್ಲಿ ತೂರಿಸಿ ಎಳೆದರೆ ಬಿಗಿಯಾಗುತ್ತಿತ್ತು. ಮುಂಬೈಯ ಸೆಕೆಗೆ ಇದೇ ಸರಿ ಎಂದರು. ಹಣವನ್ನೇನೋ ಕೊಟ್ಟರು. ಆದರೆ ಜನರ ಗರ್ದಿಯಲ್ಲಿ ಪರೀಕ್ಷೆಯಾಗದೆ ಹೇಗೆ ಒಪ್ಪುವುದು? ನನ್ನನ್ನು ಆಟೋ ಹತ್ತಿಸಿ ಕಳಿಸಿ, ತಾವು ಅಕ್ಕಿಯನ್ನು ಎದೆಗೆ ಕಟ್ಟಿಕೊಂಡು ಸ್ಟೇಷನ್ನಿಗೆ ನಡೆದರು.

ಮುಂದಿನದನ್ನು ಅವರೇ ಮನೆಗೆ ಬಂದು ಗಂಭೀರವಾಗಿ ವರದಿ ಮಾಡಿದರು. ತುಂಬಿದ ಡಬ್ಬಿ. ಯಾರೋ ಕೂಗಿದರಂತೆ, "ಅರೇ, ಅಂಕಲ್ ಕೋ ಬೈಠನೇ ದೋ, ಛೋಟಾ ಬಚ್ಚಾ ಹೈ!" ತಕ್ಷಣ ಒಬ್ಬ ಎದ್ದು ಸೀಟು ಬಿಟ್ಟುಕೊಟ್ಟ. ನಮ್ಮ ಭಾವನವರಿಗೆ ಸುಳ್ಳು ಬಾಯಿಗೆ ಬರಬೇಕಲ್ಲ!

"ಬಚ್ಚಾ ನಹೀ ಭಾಯ್. ಚಾವಲ್ ಹೈ."

ಮಗುವಲ್ಲ, ಅಕ್ಕಿ! ಡಬ್ಬಿಯ ತಲೆಗಳೆಲ್ಲ ಇತ್ತ ತಿರುಗಿದವು. ಕಿಟಕಿ ಪಕ್ಕದ ಮುದುಕರೊಬ್ಬರು ಬಗ್ಗಿ ನೋಡಿ ಅಕ್ಕಿಯ ಜಾತಿ ಕೇಳಿದರಂತೆ, "ಕೋಲಮ್ ಯಾ ಬಾಸ್ಮತಿ?"

"ಕೋಲಮ್."

"ತೋ ಬೈಠೋ."

ಮರುದಿನ ಬೆಳಿಗ್ಗೆ ನಾನು ಅಡುಗೆಮನೆಗೆ ಹೋದರೆ ಭಾವನವರು ಜೋಳಿಗೆ ತೊಟ್ಟು ನಿಂತು ಅಕ್ಕಿ ಚೀಲಕ್ಕೆ ಮುತ್ತು ಕೊಡುತ್ತಿದ್ದರು! ನನ್ನನ್ನು ಕಂಡು ಕಿವಿಯವರೆಗೂ ಕೆಂಪಾಗಿ, "ಎತ್ತರ ನೋಡ್ಲಿಕ್ಕತ್ತಿದ್ದೆ ತಂಗೀ" ಎಂದರು. ಆ ಅಕ್ಕಿಯನ್ನು ಬೇಯಿಸಲು ನನಗೆ ಎಷ್ಟೋ ದಿನ ಮನಸ್ಸೇ ಬರಲಿಲ್ಲ.

ಮಗಳು ಹುಟ್ಟಿದಳು. ಸಿಸೇರಿಯನ್ ಆಗಿತ್ತು. ಭಾವನವರು ಜೋಳಿಗೆಯನ್ನು ಒಗೆದು, ಒಣಗಿಸಿ, ಮಡಚಿ, ನನಗೂ ನನ್ನ ಗಂಡನಿಗೂ ಕಟ್ಟಿಕೊಳ್ಳುವುದನ್ನು ಕಲಿಸಿದರು. ಆದರೆ ಮಗುವನ್ನು ಮಾತ್ರ ಮುಟ್ಟಲಿಲ್ಲ. ತೊಟ್ಟಿಲಿನಿಂದ ದೂರದಲ್ಲಿ, ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡುತ್ತಿದ್ದರು. "ಎತ್ಕೊಳ್ಳಿ ಭಾವ" ಎಂದು ಎಷ್ಟು ಸಲ ಹೇಳಿದರೂ ಹಿಂದೆ ಸರಿಯುತ್ತಿದ್ದರು. ಒಂದು ದಿನ ಮೆಲ್ಲಗೆ ಹೇಳಿದರು:

"ಅಕ್ಕಿ ಬಿದ್ರ ಬಳೀಬಹುದು ತಂಗೀ."

ನನಗೆ ನಗು ಬರಲಿಲ್ಲ.

ಮಗುವಿಗೆ ಎರಡು ತಿಂಗಳು ತುಂಬಿದ ಮೇಲೆ ಒಂದು ಸಂಜೆ ನನಗೆ ಜ್ವರ ಬಂತು. ಗಂಡ ಏರ್‌ಪೋರ್ಟ್ ಡ್ಯೂಟಿಯಲ್ಲಿದ್ದರು. ಮಗು ಅಳು ಶುರುಮಾಡಿತು. ಹಾಲು ಕುಡಿಸಿದರೂ ಇಲ್ಲ, ತೂಗಿದರೂ ಇಲ್ಲ. ಎತ್ತಿಕೊಂಡು ನಿಲ್ಲಲು ಹೋದರೆ ನನಗೆ ಕಣ್ಣು ಕತ್ತಲೆ. ಹಾಸಿಗೆಯ ಅಂಚಿನಲ್ಲಿ ಕೂತು ನಾನೂ ಅಳತೊಡಗಿದೆ. ಭಾವನವರು ಬಾಗಿಲಲ್ಲಿ ನಿಂತಿದ್ದರು.

"ಭಾವ, ನನ್ ಕೈಲಾಗ್ತಿಲ್ಲ. ನೀವೇ ಕಟ್ಕೊಳ್ಳಿ."

ಅವರು ಕೈ ತೊಳೆದು ಬಂದು ಜೋಳಿಗೆ ತೊಟ್ಟರು. ಕಣ್ಣು ಮುಚ್ಚಿಯೂ ಕಟ್ಟಿಕೊಳ್ಳಬಲ್ಲವರು ಬಳೆಯಲ್ಲಿ ಸೆರಗನ್ನು ಮೂರು ಸಲ ತೂರಿಸಿ ಮೂರು ಸಲ ಬಿಚ್ಚಿದರು. ನಾನು ಮಗುವನ್ನು ಒಳಗಿಟ್ಟೆ. ಅವರು ಬಟ್ಟೆ ಬಿಗಿದು, ಮೂಗು ನೋಡಿ, ಗದ್ದ ನೋಡಿ, ಉಸಿರು ಬಿಗಿಹಿಡಿದು ಒಂದು ಹೆಜ್ಜೆ ಇಟ್ಟರು. ಇನ್ನೊಂದು ಹೆಜ್ಜೆ. ಹಾಲಿಗೆ ಹೋದರು, ಬಂದರು. ಅಳು ಬಿಕ್ಕಾಯಿತು, ಬಿಕ್ಕು ಸಣ್ಣ ಗೊರಕೆಯಾಯಿತು. ನಾನು ಎಲ್ಲಿ ಕೂತಿದ್ದೆನೋ ಅಲ್ಲಿಯೇ ಒರಗಿದೆ.

ಎಚ್ಚರವಾದಾಗ ಕತ್ತಲಾಗುತ್ತಿತ್ತು. ದೀಪ ಹಾಕಿರಲಿಲ್ಲ. ಮೇಜಿನ ಮೇಲೆ ಭಾವನವರ ಮೊಬೈಲ್ ತನ್ನಷ್ಟಕ್ಕೆ ಗುರ್‌ಗುಟ್ಟುತ್ತಿತ್ತು. ಅವರು ಕಿಟಕಿಯ ಹತ್ತಿರ ನಿಂತೇ ಇದ್ದರು, ಎರಡೂ ಕೈಗಳಿಂದ ಜೋಳಿಗೆಯನ್ನು ಕೆಳಗಿನಿಂದ ತಬ್ಬಿಕೊಂಡು.

"ಭಾವ, ಕೈ ಬಿಡಿ, ನೋವು ಬರುತ್ತೆ. ಕೈ ಖಾಲಿ ಇರ್ಲಿ ಅಂತಾನೇ ಅಲ್ವಾ ಇದನ್ನ ತಂದಿದ್ದು?"

ಅವರು ಮಗುವಿನ ಮುಖದಿಂದ ಕಣ್ಣು ತೆಗೆಯದೆ ಪಿಸುಗುಟ್ಟಿದರು:

"ಜೋಳಿಗಿ ಗಟ್ಟಿ ಅದ ತಂಗೀ. ಈ ಕೈಗಳೇ ಬಿಡ್ಲಿಕ್ಕೆ ಒಲ್ಲೆ ಅಂತಾವ."