ಸೊಪ್ಪು ತಿನ್ನಿ, ನಡೀರಿ ಅಂತ ಊರೂರು ಸುತ್ತಿದ್ದು

ಮಾತ್ರೆ ಕೊಟ್ಟರೆ ಜನ ಕಣ್ಣಿಗೊತ್ತಿಕೊಂಡು ನುಂಗುತ್ತಿದ್ದರು. ಸೊಪ್ಪು ತಿನ್ನಿ, ಬೆಳಿಗ್ಗೆ ಒಂದಿಷ್ಟು ನಡೀರಿ ಅಂದರೆ ಮಾತ್ರ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತಿತ್ತು.

ಸ್ವಾತಂತ್ರ್ಯ ಬರುವುದಕ್ಕೆ ಮುಂಚಿನ ಕೆಲವು ವರ್ಷ ನಾನು ಮಂಡ್ಯ ಸೀಮೆಯಲ್ಲಿ ನರ್ಸಾಗಿದ್ದೆ. ಕಾಯಿಲೆ ಬಂದಮೇಲೆ ಔಷಧಿ ಕೊಡುವುದು ಡಾಕ್ಟರ ಪಾಲು. ಬಾರದ ಹಾಗೆ ಊಟ, ನಡಿಗೆ, ವ್ಯಾಯಾಮ ಹೇಳಿಕೊಡುವುದು ನನ್ನ ಪಾಲು. ಎತ್ತಿನ ಗಾಡಿಯಲ್ಲಿ ನಾಲೆಯ ಏರಿ ಹಿಡಿದು ಹೊರಟರೆ ಎರಡೂ ಕಡೆ ಕಬ್ಬು, ನೀರಿನ ಮೇಲೆ ಮಂಜು, ಗಾಡಿಯ ತೂಗಾಟಕ್ಕೆ ಅರೆನಿದ್ದೆ. ಈಗ ನೆನೆದರೆ ಅದರಲ್ಲಿ ಕಂಡಿದ್ದೆಷ್ಟು, ಕನಸೆಷ್ಟು ಅಂತ ನನಗೇ ತಿಳಿಯುವುದಿಲ್ಲ. ಕೆಳಗೆ ಬರೆದಿರುವುದಂತೂ ಕನಸಲ್ಲ.

ಎರಡು ಜೀವ

ಮಂಡ್ಯದ ಪಕ್ಕದ ಹಳ್ಳಿಯಲ್ಲಿ ಒಬ್ಬ ಚೊಚ್ಚಲ ಬಸುರಿ. ರೆಪ್ಪೆ ಎಳೆದು ನೋಡಿದರೆ ಒಳಗೆ ರಕ್ತವೇ ಇಲ್ಲ, ಸುಣ್ಣದ ಹಾಗೆ ಬಿಳಿಚಿಕೊಂಡಿದೆ. ಜಾಸ್ತಿ ತಿಂದರೆ ಮಗು ದಪ್ಪ ಬೆಳೆದು ಹೆರಿಗೆ ಕಷ್ಟವಾಗುತ್ತದೆಂದು ಅತ್ತೆ ಅವಳಿಗೆ ಅರ್ಧ ಮುದ್ದೆ ಇಕ್ಕುತ್ತಿದ್ದಳು. ಹೀಗೇ ಬಿಟ್ಟರೆ ಸೊಸೆ ಉಳಿಯುವುದೇ ಅನುಮಾನ ಅಂತ ಹೆದರಿಸಿ, ಇನ್ನುಮುಂದೆ ಸೊಪ್ಪು, ಕಾಳು, ಹಾಲು ಎಲ್ಲ ಎರಡು ಜೀವಕ್ಕಾಗುವಷ್ಟು ಹಾಕಬೇಕೆಂದು ಹೇಳಿಬಂದೆ. ಅತ್ತೆ ತಲೆಯಾಡಿಸಿದಳು.

ಮುಂದಿನ ಸಲ ಹೋದಾಗ ಸೊಸೆ ಹಾಗೇ ಇದ್ದಳು. ಜಗಲಿಯ ಮೇಲೆ ಕೂತಿದ್ದ ಅವಳ ಗಂಡ ಮಾತ್ರ ಕೆನ್ನೆ ತುಂಬಿಕೊಂಡು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದ. ಇದೇನೆಂದು ಅತ್ತೆಯನ್ನು ಕೇಳಿದೆ.

"ನೀವೇ ಯೋಳಿದ್ರಲ್ಲವ್ವ, ಎಲ್ಡು ಜೀವಕ್ಕೆ ಇಕ್ಕು ಅಂತ. ಅವಳೊಂದು ಜೀವ, ನನ್ ಮಗ ಒಂದು ಜೀವ."

ಆಮೇಲಿಂದ ಆ ಹಳ್ಳಿಗೆ ಹೋದಾಗಲೆಲ್ಲ ಅಡುಗೆಮನೆಯಲ್ಲಿ ಕೂತು, ನನ್ನ ಕಣ್ಣೆದುರಿಗೇ ಸೊಸೆಗೆ ಬಡಿಸುವಂತೆ ಮಾಡಿದೆ. ಹೆರಿಗೆ ಸುಸೂತ್ರವಾಯಿತು. ಮಗು ನೋಡಲು ಬಂದವರು ಜಗಲಿಯಲ್ಲಿ ಗಂಡನ ಹೊಟ್ಟೆ ನೋಡಿ, ನಿಂದು ಯಾವಾಗಪ್ಪ ಅಂತ ವಿಚಾರಿಸಿಕೊಂಡು ಒಳಗೆ ಹೋದರಂತೆ.

ಸ್ಟೇಷನ್ನಿನ ದಾರಿ

ಮದ್ದೂರಿನ ಒಬ್ಬ ಯಜಮಾನರಿಗೆ ಸಕ್ಕರೆ ಕಾಯಿಲೆ. ಕಾಲ್ಬೆರಳಿನ ಗಾಯ ಮಾಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ನಡೆಯಿರಿ ಅಂದಿದ್ದರು ಡಾಕ್ಟರು. ನಡೆಯುವುದೇನೋ ತಪ್ಪಿಸುತ್ತಿರಲಿಲ್ಲ, ಆದರೂ ಕಾಯಿಲೆ ಇಳಿಯಲಿಲ್ಲ. ಕಾಲು ತೆಗೆದುಬಿಡುತ್ತಾರೇನೋ ಎಂದು ಅವರ ಹೆಂಡತಿ ನನ್ನ ಮುಂದೆ ಕಣ್ಣೀರು ಹಾಕಿದರು.

ಒಂದು ಬೆಳಿಗ್ಗೆ ಯಜಮಾನರ ಹಿಂದೆ ನಾನೂ ದೂರದಿಂದ ನಡೆದೆ. ಶಿಂಷಾ ಹೊಳೆಯ ಮಂಜು ರಸ್ತೆಗೂ ಹಬ್ಬಿತ್ತು. ಅವರ ಬಿಳಿ ಪಂಚೆ ಮಂಜಿನೊಳಗೆ ತೇಲಿಕೊಂಡು ಹೋಗುತ್ತಿದ್ದಂತಿತ್ತು. ಎಂಥ ಚೆಂದದ ನಡಿಗೆ ಅಂದುಕೊಂಡೆ. ಪಂಚೆ ರೈಲ್ವೆ ಸ್ಟೇಷನ್ ಹೊಕ್ಕಿತು. ರೈಲು ಬಂತು, ಹೊಗೆ ಕವಿಯಿತು. ಹೊಗೆ ಕರಗಿದಾಗ ನೋಡಿದರೆ ಯಜಮಾನರು ಬೆಂಚಿನ ಮೇಲಿದ್ದಾರೆ, ತೊಡೆಯ ಮೇಲೆ ಎಲೆ, ಎಲೆಯ ತುಂಬ ಬಿಸಿ ವಡೆ.

ನನ್ನನ್ನು ಕಂಡು ಅವರು ಗಾಬರಿಯಾಗಲಿಲ್ಲ. ಸರಿದು ಜಾಗ ಕೊಟ್ಟರು. "ಸುಮ್ಕೆ ನಡ್ಕೊಂಡೋಗಿ ಸುಮ್ಕೆ ವಾಪಸ್ ಬಂದ್ರೆ ಜನ ಹುಚ್ಚ ಅಂತಾರೆ ಕಣವ್ವ. ಹೋದೋನಿಗೆ ಏನಾರ ಕೆಲ್ಸ ಬ್ಯಾಡ್ವಾ?"

ವಿಷಯ ಹೆಂಡತಿಗೆ ತಿಳಿಸಿದೆ. ಮಾರನೆಯ ಬೆಳಿಗ್ಗೆಯಿಂದ ಆಕೆಯೂ ಜೊತೆಗೆ ಹೊರಟು, ನಡಿಗೆಯನ್ನು ಹೊಳೆಯ ಕಡೆಗೆ ತಿರುಗಿಸಿದರು. ನಿಧಾನವಾಗಿ ಗಾಯ ಮಾಯಿತು. ಆದರೆ ದೂರದಲ್ಲಿ ರೈಲು ಕೂಗಿದಾಗಲೆಲ್ಲ ಯಜಮಾನರು ನಿಂತು, ಕಣ್ಣು ಮುಚ್ಚಿ, ಮೂಗರಳಿಸುತ್ತಿದ್ದರಂತೆ. ಹೆಂಡತಿ ಗದರಿದರೆ, "ವಾಸ್ನೆಗೂ ಪಥ್ಯನೇನೇ?" ಅನ್ನುತ್ತಿದ್ದರಂತೆ.

ಮೈಮೇಲೆ ಬಂದಿದ್ದು

ಮಳವಳ್ಳಿ ದಾಟಿ ಶಿವನಸಮುದ್ರದ ಕಡೆಗೆ ಹೋಗುವಾಗ ಒಂದು ಹಳ್ಳಿ. ಮಳೆಗಾಲದಲ್ಲಿ ಜಲಪಾತದ ಮೊರೆತ ಅಲ್ಲಿಗೆ ಸಣ್ಣಗೆ ಕೇಳುತ್ತಿತ್ತು. ಅಲ್ಲೊಬ್ಬ ಅಜ್ಜಿಯ ಮೊಮ್ಮಗಳಿಗೆ ಇರುಳುಗಣ್ಣು. ಸಂಜೆಯಾದರೆ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದಳು. ಯುದ್ಧದ ಕಾಲ, ಆಸ್ಪತ್ರೆಯಲ್ಲಿ ಇದಕ್ಕೆ ಕೊಡುವ ಮೀನೆಣ್ಣೆ ಖಾಲಿಯಾಗಿತ್ತು. ನುಗ್ಗೆಸೊಪ್ಪು ಕೊಡಿ, ಹೀಗೇ ಬಿಟ್ಟರೆ ಕಣ್ಣೇ ಹೋದೀತು ಅಂತ ಹೋದಾಗಲೆಲ್ಲ ಹೇಳುತ್ತಿದ್ದೆ. ಅದು ಉಷ್ಣ, ಮಗುವಿಗಾಗದು ಅಂತ ಅಜ್ಜಿ ತಳ್ಳಿಹಾಕುತ್ತಿದ್ದಳು.

ಅಷ್ಟರಲ್ಲಿ, ಹೆಂಗಸರಿಗೂ ವ್ಯಾಯಾಮ ಕಲಿಸಿ ಎಂದು ಮೇಲಿನವರ ಆಜ್ಞೆ ಬಂತು. ಆ ಹಳ್ಳಿಯ ಹೊಂಗೆಮರದ ಕೆಳಗೆ ಹೆಂಗಸರನ್ನು ಸೇರಿಸಿದೆ. ನಾನು ಮಾಡಿದಂತೆ ಮಾಡಿ ಎಂದು ಹೇಳಿ ಕಣ್ಣು ಮುಚ್ಚಿ ಉಸಿರೆಳೆದೆ, ಕೈ ಮೇಲೆತ್ತಿದೆ, ಎಡಕ್ಕೆ ಬಾಗಿದೆ, ಬಲಕ್ಕೆ ಬಾಗಿದೆ. ಹೊಂಗೆಯ ತಂಪು, ಆ ನೀರಿನ ಮೊರೆತ, ಎಲ್ಲಿದ್ದೇನೆಂಬುದೇ ಮರೆತುಹೋಯಿತು. ಕೈಗಳು ತಮ್ಮಷ್ಟಕ್ಕೆ ತಾವೇ ತೂಗುತ್ತಿದ್ದವು.

ಕರ್ಪೂರದ ವಾಸನೆಗೆ ಕಣ್ಣುಬಿಟ್ಟೆ. ಹೆಂಗಸರೆಲ್ಲ ಕೈಮುಗಿದು ನಿಂತಿದ್ದರು. ನನ್ನ ಕಾಲ ಬಳಿ ಬೇವಿನಸೊಪ್ಪು ಬಿದ್ದಿತ್ತು. ಅಜ್ಜಿ ಆರತಿ ತಟ್ಟೆ ಹಿಡಿದು ಮಂಡಿಯೂರಿದ್ದಳು.

"ತಾಯಿ, ನನ್ ಮೊಮ್ಮಗಳ ಕಣ್ಣು ಯಾವಾಗ ಬತ್ತದೆ?"

ನಾನು ದೇವರಲ್ಲ, ನರ್ಸು ಅನ್ನಲು ಬಾಯಿ ತೆರೆದೆ. ಅಜ್ಜಿಯ ಸೆರಗು ಹಿಡಿದು ನಿಂತಿದ್ದ ಮಗುವನ್ನು ನೋಡಿದೆ. ಮತ್ತೆ ಕಣ್ಣು ಮುಚ್ಚಿಕೊಂಡೆ.

"ನುಗ್ಗೆಸೊಪ್ಪು," ಎಂದೆ.

"ದಿನಾನೂವಾ ತಾಯಿ?"

"ದಿನಾನೂ."

"ಬಸ್ಸಾರಾ, ಪಲ್ಯಾನಾ?"

"ಎರಡೂ."

ಮತ್ತೆ ಆ ಹಳ್ಳಿಗೆ ಹೋಗುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಮುಸ್ಸಂಜೆಯ ಮಬ್ಬಿನಲ್ಲಿ ಆ ಮಗು ಕೋಳಿಗಳನ್ನು ಅಟ್ಟಿಕೊಂಡು ಬಂದು, ಒಂದನ್ನೂ ಬಿಡದೆ ಗೂಡಿಗೆ ಸೇರಿಸುತ್ತಿತ್ತು. ಕೊನೆಯ ಕೋಳಿ ಒಳಹೋಗುವವರೆಗೂ ನೋಡುತ್ತ ನಿಂತೆ. ಅಜ್ಜಿಯನ್ನು ಕೂರಿಸಿಕೊಂಡು ನಿಜ ಹೇಳಿದೆ: ಅವತ್ತು ನನ್ನ ಮೇಲೆ ಯಾವ ದೇವರೂ ಬಂದಿರಲಿಲ್ಲ, ಅದು ವ್ಯಾಯಾಮ; ಸೊಪ್ಪಿನ ಮಾತನ್ನು ಮುಂಚಿನಿಂದಲೂ ನಾನೇ ಹೇಳುತ್ತಿದ್ದೆ.

ಅಜ್ಜಿ ಎಲೆಅಡಿಕೆ ಜಗಿಯುತ್ತ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಮೊಣಕಾಲು ತಟ್ಟಿ ಮೆಲ್ಲಗೆ ಬುದ್ಧಿ ಹೇಳಿದಳು:

"ಸುಮ್ಕೆ ಯೋಳಿದ್ರೆ ಯಾರು ಕೇಳ್ತಾರೆ ಕಣವ್ವ? ಇನ್ಮ್ಯಾಲೆ ಮೊದ್ಲು ಕುಣಿದ್ಬುಡು, ಆಮೇಲೆ ಯೋಳು."