ಬಾಣಲೆ ಕಾದ ಅಳಿಯ

ತೊಂದರೆ ಶುರುವಾದದ್ದು ಆರು ವರ್ಷದ ರೂಡಿ ಫೋನಿನಲ್ಲಿ ಅಜ್ಜಿಗೆ ಸತ್ಯ ಹೇಳಿದ್ದರಿಂದ.

ಅಜ್ಜಿ ಲರೇಡೋ ಊರಿನಿಂದ ಮಾತಾಡುತ್ತಿದ್ದಳು. "ಏನು ಊಟ ಮಾಡಿದೆ ಕಂದಾ?" ಎಂದು ಕೇಳಿದಳು.

"ಸೀರಿಯಲ್, ಹಾಲು."

"ನಿನ್ನೆ?"

"ಹಾಲು, ಸೀರಿಯಲ್."

"ಅಮ್ಮ ಎಲ್ಲಿ?"

"ಕ್ಲಾಸಿಗೆ ಹೋಗಿದಾಳೆ."

"ಅಪ್ಪ?"

"ಕುರ್ಚೀಲಿ ನಿದ್ದೆ ಮಾಡ್ತಿದಾನೆ."

ಅಪ್ಪ ಎಂದರೆ ಹೊಮೇರೋ ಕಾಂಟು. ಬೀವಿಲ್ ಊರಿನ ಸುತ್ತಮುತ್ತ ರಸ್ತೆ ರಿಪೇರಿ ನಡೆದಲ್ಲೆಲ್ಲ ಕೈಯಲ್ಲಿ 'ನಿಲ್ಲಿ' ಎಂಬ ಫಲಕ ಹಿಡಿದು ಬಿಸಿಲಲ್ಲಿ ನಿಲ್ಲುವುದು ಅವನ ಕೆಲಸ. ಇಡೀ ದಿನ ನಿಂತವನು ಸಂಜೆ ಕುರ್ಚಿ ಕಂಡರೆ ಬುಡ ಕಡಿದ ಬಾಳೆಗಿಡದಂತೆ ಬೀಳುತ್ತಿದ್ದ. ಹಾಲಿಗೆ ಸುರಿದು ತಿನ್ನುವ ಆ ಒಣ ಸೀರಿಯಲ್ಲಿನ ಮಾತು ಕಿವಿಗೆ ಬಿದ್ದದ್ದೇ ಧಡಕ್ಕನೆ ಎದ್ದು ಫೋನು ಕಸಿದುಕೊಂಡ. ಅಷ್ಟರಲ್ಲಿ ಅತ್ತೆ ತೀರ್ಮಾನ ಮಾಡಿಯಾಗಿತ್ತು.

"ಅಳಿಯಂದಿರೇ, ಡೆಲಿಯಾಳ ನರ್ಸ್ ಓದು ಮುಗಿಯೋದು ಡಿಸೆಂಬರಿಗಲ್ವಾ? ಅಲ್ಲೀವರೆಗೆ ನಾನೇ ಬಂದಿರ್ತೀನಿ."

ಹೊಮೇರೋ ತನ್ನ ಕುರ್ಚಿಯ ಕಡೆ ನೋಡಿದ. ಹಿಂದೊಮ್ಮೆ ಅತ್ತೆ ಒಂದು ವಾರಕ್ಕೆಂದು ಬಂದಿದ್ದಾಗ ಅವನ ಕುರ್ಚಿ ಜಗಲಿಗೆ ಹೋಗಿತ್ತು, ಅವನ ಟೋಪಿ ಕುದಿಯುವ ನೀರಿಗೆ ಹೋಗಿತ್ತು. ಅದನ್ನಾದರೂ ಸಹಿಸಬಹುದು. ಡೆಲಿಯಾ ಪುಸ್ತಕ ತೆರೆದಾಗಲೆಲ್ಲ ಅತ್ತೆ ಒಂದು ಲೋಟ ಏನನ್ನಾದರೂ ಹಿಡಿದು ಪಕ್ಕದಲ್ಲಿ ನಿಂತು ಸಂಬಂಧಿಕರ ಸುದ್ದಿ ಹೇಳಿದ್ದಳು. ಆ ವಾರದ ಪರೀಕ್ಷೆಯಲ್ಲಿ ಡೆಲಿಯಾ ಫೇಲು. "ಅಮ್ಮ ಇನ್ನೊಂದು ಸಲ ಬಂದು ಕೂತ್ರೆ ನಾನು ಓದು ಬಿಟ್ಟ ಹಾಗೇ" ಎಂದು ಅವಳು ಆವತ್ತು ಅತ್ತದ್ದು ಹೊಮೇರೋ ಇನ್ನೂ ಮರೆತಿರಲಿಲ್ಲ.

"ಬೇಡ ಅತ್ತೆ, ಮಗು ಸುಮ್ನೆ ಹೇಳ್ತಿದೆ" ಎಂದ. "ಅಡುಗೆ ನಾನೇ ಮಾಡ್ತೀನಿ. ಒಂದೇ ಬಾಣಲೇಲಿ ಬೀಫು, ಅನ್ನ, ಮೇಲೆ ಕೈತುಂಬ ಚೀಸು. ಮಕ್ಕಳು ಬಾಣಲೆ ನೆಕ್ತಾರೆ."

ಅತ್ತೆ ಅಷ್ಟಕ್ಕೆ ಬಿಡಲಿಲ್ಲ.

"ಹಾಗಿದ್ರೆ ನಾಳೆ ಸಂಜೆ ಬಂದು ನೋಡ್ತೀನಿ. ಊಟ ಊಟದ ಹಾಗಿದ್ರೆ ಹಾಗೇ ವಾಪಸ್. ಇಲ್ದಿದ್ರೆ ಪೆಟ್ಟಿಗೆ ಹೇಗೂ ಜೊತೆಗೇ ಇರತ್ತೆ."

ಮಾರನೆಯ ಮಧ್ಯಾಹ್ನ ಹೊಮೇರೋ ಕೆಲಸದಿಂದ ಬೇಗ ಬಿಡಿಸಿಕೊಂಡು ಬಂದು ಬೀಫ್ ಕೈಮಾ, ಅಕ್ಕಿ, ಈರುಳ್ಳಿ, ಟೊಮೇಟೊ, ಹಸಿಮೆಣಸಿನಕಾಯಿಯ ಡಬ್ಬಿ, ಇಟ್ಟಿಗೆಯಷ್ಟು ದಪ್ಪನೆಯ ಹಳದಿ ಚೀಸು ಎಲ್ಲ ತಂದು ಮೇಜಿನ ಮೇಲೆ ಸುರಿದ. ಕ್ಲಾಸಿನ ಬಾಗಿಲಲ್ಲಿ ನಿಂತು ಡೆಲಿಯಾ ಫೋನಿನಲ್ಲಿ ಪಿಸುಗುಟ್ಟಿದಳು: "ಮಾಂಸ ಹುರಿ. ಅಕ್ಕಿ ಹಾಕಿ ಅದನ್ನೂ ಹುರಿ. ನೀರು ಹಾಕು, ಮುಚ್ಚು. ಆಮೇಲೆ ಮುಚ್ಚಳ ಮುಟ್ಟಬೇಡ. ಯಾರು ಏನೇ ಅಂದ್ರೂ ಮುಟ್ಟಬೇಡ, ಕೇಳಿಸ್ತಾ?"

ಕೇಳಿಸಿತು. ಆದರೆ ಮನೆಯ ಬಾಣಲೆ ಮೊಟ್ಟೆ ಒಡೆದು ಹಾಕುವಷ್ಟು ಅಗಲ ಮಾತ್ರ. ಹೊಮೇರೋ ರಸ್ತೆ ದಾಟಿ, ಎದುರುಮನೆಯ ಕ್ರೌಸ್ ಮುದುಕನ ಬಾಗಿಲು ತಟ್ಟಿದ. ಕ್ರೌಸ್ ಹತ್ತಿರ ಕಬ್ಬಿಣದ ದೊಡ್ಡ ಬಾಣಲೆ ಇದೆಯೆಂಬುದು ಬೀದಿಗೆಲ್ಲ ಗೊತ್ತು. ಅದನ್ನು ಅವನು ಯಾರಿಗೂ ಕೊಡುವುದಿಲ್ಲ ಎಂಬುದೂ ಗೊತ್ತು.

"ಕೊಡ್ತೀನಿ" ಎಂದ ಕ್ರೌಸ್, ಎಲ್ಲ ಕೇಳಿಸಿಕೊಂಡು. "ಆದ್ರೆ ಅದು ನಮ್ಮಮ್ಮನ ಬಾಣಲೆ. ಅದು ಹೋದ ಕಡೆ ನಾನೂ ಹೋಗ್ತೀನಿ."

ಹಾಗೆ ಬಾಣಲೆಯ ಜೊತೆ ಕ್ರೌಸ್ ಕೂಡ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತ, ಹೆಣ್ಣಿನ ಕಡೆಯ ಹಿರಿಯನ ಹಾಗೆ. ಕೈಮಾ ಚರಚರ ಎನ್ನತೊಡಗಿದಾಗ ಜೇಬಿನಿಂದ ಮೆಣಸಿನಪುಡಿಯ ಡಬ್ಬಿ ತೆಗೆದು, ಹೊಮೇರೋ ಈರುಳ್ಳಿ ಕಡೆ ತಿರುಗಿದ್ದಾಗ ಅರ್ಧ ಸುರಿದುಬಿಟ್ಟ.

ವಾಸನೆ ಪಕ್ಕದ ಮನೆಗೆ ಹೋಯಿತು. ಪಕ್ಕದ ಮನೆಯಿಂದ ದೋನ್ಯಾ ಒಫೇಲಿಯಾ ಬಂದಳು. ಶಾಲೆಯ ಅಡುಗೆಮನೆಯಲ್ಲಿ ಬಹಳ ವರ್ಷ ದೊಡ್ಡ ಸೌಟು ಹಿಡಿದಿದ್ದ ಹೆಂಗಸು. ನಿವೃತ್ತಿಯಾದ ಮೇಲೂ ಬೀದಿಯವರೆಲ್ಲ ಅವಳಿಗೆ ತಟ್ಟೆ ಹಿಡಿದು ನಿಂತ ಮಕ್ಕಳಾಗಿಯೇ ಕಾಣುತ್ತಿದ್ದರು.

"ಏನಿದು, ಮನೆಗೆ ಬೆಂಕಿ ಬಿತ್ತಾ?" ಎಂದಳು. ಬಾಣಲೆಗೆ ಬಗ್ಗಿ ನೋಡಿದಳು. "ಈ ಕೆಂಪು ಯಾರು ಹಾಕಿದ್ದು?"

"ನಾನು" ಎಂದ ಕ್ರೌಸ್. "ನಮ್ಮನೇಲಿ ಹೀಗೇ."

"ನಿಮ್ಮನೇಲಿ ಹೀಗೆ ಅಂತಾನೇ ನಿಮ್ಮನೇಲಿ ಯಾರೂ ಊಟಕ್ಕೆ ಉಳಿಯಲ್ಲ. ಜೀರಿಗೆ ಎಲ್ಲಿ ಮಗನೇ?"

ಹೊಮೇರೋ ಜೀರಿಗೆಪುಡಿಯ ಡಬ್ಬಿ ತೋರಿಸಿದ. ಸತ್ತ ಇಲಿಯನ್ನು ಎತ್ತುವಂತೆ ಅದನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟ ಅವಳು ಮನೆಗೆ ಹೋಗಿ ಒರಳುಕಲ್ಲನ್ನೇ ಹೊತ್ತು ತಂದಳು. ಜೀರಿಗೆ, ಬೆಳ್ಳುಳ್ಳಿ ಕುಟ್ಟಿ ಬಾಣಲೆಗೆ ಬಳಿದಳು. ಖಾರ ಇಳಿಯಲೆಂದು ಇನ್ನಷ್ಟು ಟೊಮೇಟೊ ಹಾಕಿದಳು. ಟೊಮೇಟೊ ಹೆಚ್ಚಾಯಿತೆಂದು ಇನ್ನೊಂದು ಲೋಟ ಅಕ್ಕಿ ಹಾಕಿದಳು. ಹೊಮೇರೋ ಒಲೆಯಿಂದ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಕೊನೆಗೆ ಬಾಗಿಲಿಗೆ ಒರಗಿಕೊಂಡ.

"ಈ ಹಳದಿ ಯಾಕೆ?" ಎಂದಳು ಚೀಸು ನೋಡಿ. "ಬಿಳೀದು ತಾ."

"ಬಿಳಿ ಚೀಸು ಕರಗಲ್ಲ, ನೆಟ್ಟಗೆ ಕಲ್ಲಿನ ಹಾಗೆ ಕೂತಿರತ್ತೆ" ಎಂದ ಕ್ರೌಸ್.

"ನಿನ್ನ ಹಳದಿ ಕರಗಿದ ಮೇಲೆ ಬಣ್ಣ ಬಳಿದ ಗೋಡೆ ಥರ ಇರತ್ತೆ."

"ಎರಡೂ ಹಾಕ್ತೀನಿ" ಎಂದ ಹೊಮೇರೋ. ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿ ನೋಡಿದರು. ಅವನು ಫ್ರಿಜ್ಜಿನಿಂದ ಬಿಳಿ ಚೀಸಿನ ತುಂಡು ತಂದು ಹಳದಿಯ ಪಕ್ಕ ಇಟ್ಟ.

ಅಂತೂ ನೀರು ಬಿತ್ತು, ಕುದಿ ಬಂತು, ಮುಚ್ಚಳ ಕೂತಿತು. ಆಗ ಹಿಂಬಾಗಿಲಿನಿಂದ ಬೆತೋ ಒಳಗೆ ಬಂದ. ರೂಡಿಯ ದೀಕ್ಷಾಸ್ನಾನದ ದಿನ ಧರ್ಮತಂದೆಯಾಗಿ ನಿಂತವನು ಅವನು. ಅಂದಿನಿಂದ ಮಗುವಿನ ಅಪ್ಪನನ್ನು ಕೊಂಪಾದ್ರೆ ಎಂದು ಕರೆಯುತ್ತ, ಈ ಮನೆಯ ಫ್ರಿಜ್ಜು ತನ್ನದೂ ಎಂದು ನಂಬಿದ್ದ.

"ಏನ್ ಕೊಂಪಾದ್ರೆ, ವಾಸನೆ ಪೆಟ್ರೋಲ್ ಬಂಕಿನ ತನಕ ಬಂದಿದೆ" ಎನ್ನುತ್ತ ಬಂದವನೇ ಮುಚ್ಚಳ ಎತ್ತಿದ.

ಆವಿ ಬುಸ್ಸೆಂದು ಮೇಲಕ್ಕೆ ಹೋಯಿತು. ಹೊಮೇರೋ ಕಣ್ಣು ಮುಚ್ಚಿಕೊಂಡ.

"ಮುಚ್ಚೋ ದಡ್ಡ, ಅಕ್ಕಿ ಬೇಯಬೇಡ್ವಾ?" ಎಂದು ದೋನ್ಯಾ ಒಫೇಲಿಯಾ ಬೈದಳು. ಬೈದು, ಹೇಗೂ ತೆಗೆದದ್ದಾಯಿತಲ್ಲ ಎಂದು ಒಂದು ಕಾಳು ಒತ್ತಿ ನೋಡಿದಳು. ಅವಳು ನೋಡಿದ ಮೇಲೆ ತನ್ನ ತಾಯಿಯ ಬಾಣಲೆಯ ತಳ ಹೇಗಿದೆಯೋ ಎಂದು ಕ್ರೌಸ್ ಮುಚ್ಚಳ ತೆಗೆದ. ಉಪ್ಪು ಇದೆಯೇ ಎಂದು ಬೆತೋ ಮತ್ತೆ ತೆಗೆದ. ಅಕ್ಕಿಗೆ ಈ ಮನೆಯ ಬಗ್ಗೆ ಬೇಸರ ಬಂದಿರಬೇಕು. ಅರ್ಧ ಬೆಂದು ಅಲ್ಲೇ ನಿಂತುಬಿಟ್ಟಿತು.

ಅತ್ತೆ ಬರಲು ಹೆಚ್ಚು ಹೊತ್ತಿರಲಿಲ್ಲ. ಹೊಮೇರೋ ಹೊರಗೆ ಹೋದ. ತನ್ನ ಪಿಕಪ್ಪಿನಿಂದ ಕೆಂಪು ಫಲಕ ತಂದ. ಒಲೆಯ ಮುಂದೆ ಕಾಲು ಅಗಲಿಸಿ ನಿಂತು ಅದನ್ನು ಎತ್ತಿ ಹಿಡಿದ: ನಿಲ್ಲಿ.

ಯಾವ ಮಾತಿಗೂ ಬಗ್ಗದವರು ಆ ಫಲಕಕ್ಕೆ ಬಗ್ಗಿದರು. ರಸ್ತೆಯಲ್ಲಿ ಅದರ ಮುಂದೆ ವಾಹನ ನಿಲ್ಲಿಸಿದ ಅಭ್ಯಾಸವಿರಬೇಕು. ಕ್ರೌಸ್ ಕೂತ. ಬೆತೋ ಕೂತ. ದೋನ್ಯಾ ಒಫೇಲಿಯಾ, "ಒದ್ದೆ ಬಟ್ಟೆಯಾದ್ರೂ ಮುಚ್ಚಳದ ಸುತ್ತ ಸುತ್ತು ಮಗನೇ, ಆವಿ ನಿಲ್ಲತ್ತೆ" ಎಂದು ದೂರದಿಂದಲೇ ಹೇಳಿ ಕೂತಳು. ಅವನು ಸುತ್ತಿದ. ಬಾಣಲೆ ಒಳಗೊಳಗೇ ಗುಸುಗುಸು ಮಾಡತೊಡಗಿತು. ರೂಡಿ, ಅವನ ಅಕ್ಕ ಅರಾಸೆಲಿ ಇಬ್ಬರೂ ಬಂದು ಮೇಜಿನ ತುದಿಯಲ್ಲಿ ಗದ್ದ ಊರಿ ನಿಂತರು.

ಮುಚ್ಚಳ ತೆಗೆದಾಗ ಅನ್ನ ಉದುರುದುರಾಗಿತ್ತು. ಎರಡು ಬಗೆಯ ಚೀಸೂ ಬಿತ್ತು. ಬಿಳಿ ಕರಗಿತು, ಹಳದಿ ಗುಳ್ಳೆ ಎಬ್ಬಿಸಿತು. ತಳದಲ್ಲಿ ಕಟ್ಟಿದ ಹೊಂಬಣ್ಣದ ಹಪ್ಪಳವನ್ನು ದೋನ್ಯಾ ಒಫೇಲಿಯಾ ಸೌಟಿನ ತುದಿಯಿಂದ ಮುಟ್ಟಿ ನೋಡಿ, "ಪರವಾಗಿಲ್ಲ" ಎಂದಳು. ಅವಳ ಬಾಯಿಂದ ಆ ಮಾತು ಕೇಳಿದವರು ಶಾಲೆಯಲ್ಲೂ ಯಾರೂ ಇರಲಿಲ್ಲ. ಹೊಮೇರೋ ಫಲಕ ಇಳಿಸಿದ. ಅವನ ಮುಖದಲ್ಲಿ ಮೊದಲ ಸಲ ನಗು ಕಂಡಿತು.

ಆಗಲೇ ಅತ್ತೆ ಬಂದಳು. ಲರೇಡೋದ ಸೋದರಳಿಯನೊಬ್ಬ ಅವಳನ್ನು ಇಳಿಸಿ, ಪೆಟ್ಟಿಗೆಯನ್ನು ಬಾಗಿಲ ಹೊರಗಿಟ್ಟು ಹಾರ್ನ್ ಹೊಡೆದು ಹೋದ. ಗಿಡ್ಡನೆಯ ಹೆಂಗಸು, ಕಪ್ಪು ಉಡುಪು, ಕೈಯಲ್ಲಿ ಬಟ್ಟೆ ಮುಚ್ಚಿದ ಒಂದು ಪಾತ್ರೆ. ಮೊಮ್ಮಕ್ಕಳಿಗೆ ಮುತ್ತು ಕೊಟ್ಟು, ನೆರೆಯವರಿಗೆ ತಲೆಬಾಗಿ, ಪಾತ್ರೆಯನ್ನು ಮೇಜಿನ ಮೇಲಿಟ್ಟು ಬಟ್ಟೆ ತೆಗೆದಳು.

ಒಳಗೆ ಕಾಪಿರೊತಾದ. ಒಣಗಿದ ಬ್ರೆಡ್ಡನ್ನು ಬೆಲ್ಲದ ಪಾಕದಲ್ಲಿ ನೆನೆಸಿ, ದ್ರಾಕ್ಷಿ, ಚೀಸು ಹಾಕಿ, ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮಾತ್ರ ಅತ್ತೆಯ ಕಡೆಯವರ ಮನೆಗಳಲ್ಲಿ ಮಾಡುವ ಸಿಹಿ.

ಬೆತೋ ಆ ಸಿಹಿಯನ್ನು ನೋಡಿದ. ಆಮೇಲೆ ಬಾಣಲೆ ನೋಡಿದ. ದೋನ್ಯಾ ಒಫೇಲಿಯಾ ಮೆಲ್ಲಗೆ ಶಿಲುಬೆಯ ಗುರುತು ಹಾಕಿಕೊಂಡಳು. ಅವತ್ತು ಶುಕ್ರವಾರ. ತಪಸ್ಸುಕಾಲದ ಶುಕ್ರವಾರ. ಅವರ ಮತದಲ್ಲಿ ಮಾಂಸ ತಿನ್ನುವುದಿರಲಿ, ಮನೆಯೊಳಗೆ ತರುವ ದಿನವೂ ಅಲ್ಲ.

ಹೊಮೇರೋ ಅಂಗಡಿಯಿಂದ ತಂದಿದ್ದ, ಡೆಲಿಯಾ ಹುರಿ ಎಂದಿದ್ದಳು, ದೋನ್ಯಾ ಒಫೇಲಿಯಾ ಅದಕ್ಕೆ ಜೀರಿಗೆ ಕುಟ್ಟಿದ್ದಳು, ಬೆತೋ ಉಪ್ಪು ನೋಡಿದ್ದ. ಅಕ್ಕಿಯ ಚಿಂತೆಯಲ್ಲಿ ಒಬ್ಬರಿಗೂ ದೇವರ ನೆನಪಾಗಿರಲಿಲ್ಲ.

"ನನ್ನ ಒಲೆ ಮೇಲೆ ಏನೋ ಇಟ್ಟು ಬಂದಿದೀನಿ" ಎಂದು ದೋನ್ಯಾ ಒಫೇಲಿಯಾ ಒರಳುಕಲ್ಲು ಎತ್ತಿಕೊಂಡಳು. "ನಾನು ಹಿಡ್ಕೋತೀನಿ ಬನ್ನಿ" ಎಂದು ಬೆತೋ ಅವಳ ಹಿಂದೆಯೇ ಜಾರಿದ. ಕ್ರೌಸ್ ಮಾತ್ರ ಕದಲಲಿಲ್ಲ.

"ನಾನು ಲೂಥರನ್" ಎಂದ ಶಾಂತವಾಗಿ. "ನಮ್ಮ ಚರ್ಚು ಬೇರೆ, ನಮಗೆ ಈ ಲೆಕ್ಕ ಇಲ್ಲ. ಒಂದು ತಟ್ಟೆ ಕೊಡು."

ಅತ್ತೆ ಬಾಣಲೆಯ ಹತ್ತಿರ ಬಂದಳು. ಬಹಳ ಹೊತ್ತು ನೋಡಿದಳು. ಹೊಮೇರೋ ಬಾಗಿಲಾಚೆಯ ಪೆಟ್ಟಿಗೆಯ ಕಡೆ ನೋಡಿದ. ಡೆಲಿಯಾಳ ಪುಸ್ತಕಗಳು ಅವನ ಕಣ್ಣ ಮುಂದೆ ಒಂದೊಂದಾಗಿ ಮುಚ್ಚಿಕೊಂಡವು.

"ಮಕ್ಕಳಿಗೆ ಹದಿನಾಲ್ಕಾಗೋ ತನಕ ಪಾಪ ಇಲ್ಲ" ಎಂದಳು ಅತ್ತೆ ಕೊನೆಗೆ. "ಬಡಿಸಿ."

ಮಕ್ಕಳು ಮುಗಿಬಿದ್ದರು. ಅರಾಸೆಲಿ ತಳದ ಹಪ್ಪಳಕ್ಕಾಗಿ ತಮ್ಮನ ಕೈ ತಳ್ಳಿದಳು. ಅತ್ತೆ ನೋಡುತ್ತ ನಿಂತಿದ್ದಳು. ಆಮೇಲೆ ಕುರ್ಚಿ ಎಳೆದುಕೊಂಡಳು.

"ನನಗೂ ಒಂದು ತಟ್ಟೆ."

"ಅತ್ತೆ, ಇವತ್ತು ಶುಕ್ರವಾರ..."

"ಗೊತ್ತು. ನನ್ನ ಮೈಯಲ್ಲಿ ರಕ್ತ ಕಮ್ಮಿ ಅಂತ ಡಾಕ್ಟರ್ ಹೇಳಿದಾರೆ. ಶುಕ್ರವಾರಾನೂ ತಿನ್ನಮ್ಮ ಅಂತ ಪಾದ್ರಿಗಳೂ ಅಪ್ಪಣೆ ಕೊಟ್ಟಿದಾರೆ."

ಹೊಮೇರೋ ಬಡಿಸಿದ. ಅತ್ತೆ ತಿಂದಳು. ಮತ್ತೆ ಬಡಿಸಿಕೊಂಡಳು. ಮೂರನೆಯ ಸಲ ಬಾಣಲೆಯನ್ನೇ ತನ್ನ ಕಡೆ ಎಳೆದುಕೊಂಡಳು. ಕ್ರೌಸ್ ಆತಂಕದಿಂದ ಅದರ ಹಿಡಿ ಹಿಡಿದುಕೊಂಡ. ಹೊಮೇರೋ ಮಾತ್ರ ಹಸಿದ ಹೊಟ್ಟೆಯಲ್ಲಿ, ಆ ದಿನಕ್ಕೆ ನಿಷೇಧವಿಲ್ಲದ ಟ್ಯೂನಾ ಮೀನಿನ ಡಬ್ಬಿ ತೆರೆದುಕೊಂಡು ಗೋಡೆಗೊರಗಿ ನಿಂತ. ಆದರೂ ಅವನಿಗೆ ಮೀನು ರುಚಿಯಾಗಿಯೇ ಇತ್ತು.

ಅತ್ತೆ ಬಾಯಿ ಒರೆಸಿಕೊಂಡಳು. "ನಾನು ಸೋತೆ ಅಳಿಯಂದಿರೇ. ಮಕ್ಕಳು ಸುಖವಾಗಿದಾರೆ. ಇಂಥ ಅನ್ನ ನಮ್ಮ ಡೆಲಿಯಾಗೂ ಬರಲ್ಲ."

"ಊಟ ಊಟದ ಹಾಗಿತ್ತಾ ಅತ್ತೆ?"

"ಹಾಗೇ ಇತ್ತು."

ಹೊಮೇರೋ ಡಬ್ಬಿ ಕೆಳಗಿಟ್ಟು ಪಿಕಪ್ಪಿನ ಕೀಲಿಕೈ ತೆಗೆದುಕೊಂಡ. "ನಿಮ್ಮನ್ನ ಲರೇಡೋಗೆ ನಾನೇ ಬಿಟ್ಟು ಬರ್ತೀನಿ. ಇನ್ನೂ ಬೆಳಕಿದೆ."

"ಯಾಕೆ?" ಎಂದಳು ಅತ್ತೆ. "ಆ ಪೆಟ್ಟಿಗೆ ಒಳಗಿಡಿ."

"ಊಟ ಸರಿಯಿದ್ರೆ ವಾಪಸ್ ಹೋಗ್ತೀನಿ ಅಂದಿದ್ರಿ."

"ಸರಿಯಿಲ್ಲದಿದ್ರೆ ಮಕ್ಕಳಿಗೋಸ್ಕರ ಇರ್ತಿದ್ದೆ. ಈಗ ನನಗೋಸ್ಕರ ಇರ್ತೀನಿ." ಅವಳು ದನಿ ತಗ್ಗಿಸಿದಳು. "ಅಲ್ಲಿ ನಮ್ಮಕ್ಕನ ಮನೇಲಿ ನಾನು ಏನು ತಿಂತಿದೀನಿ ಗೊತ್ತಾ? ಡಾಕ್ಟರ್ ತಿನ್ನು ಅಂತಾರೆ, ಪಾದ್ರಿ ತಿನ್ನು ಅಂತಾರೆ, ಅಕ್ಕ ಬಿಡಲ್ಲ. ತಪಸ್ಸುಕಾಲ ಶುರುವಾದ ಬೂದಿ ಬುಧವಾರದಿಂದ ಬೇಳೆ. ಬೆಳಗ್ಗೆ ಬೇಳೆ, ಸಂಜೆ ಬೇಳೆ."

ಹೊಮೇರೋ ಕೀಲಿಕೈಯನ್ನು ಕೈಯಿಂದ ಕೈಗೆ ಬದಲಿಸಿದ. "ಅಂದ್ರೆ, ಈಸ್ಟರ್ ತನಕ ಅಷ್ಟೇ ಅಲ್ವಾ ಅತ್ತೆ?"

"ಈಸ್ಟರ್ ಆದ ಮೇಲೂ ಅಕ್ಕ ಅಕ್ಕನೇ" ಎಂದಳು ಅವಳು. ಬಾಣಲೆಯ ಅಂಚಿನಲ್ಲಿ ಉಳಿದಿದ್ದ ಚೀಸನ್ನು ಬೆರಳಿನಿಂದ ಬಳಿದುಕೊಂಡು, ಕ್ರೌಸ್ ಕಡೆ ತಿರುಗಿದಳು. "ಈ ಬಾಣಲೆ ನಾಳೇನೂ ಬೇಕಾಗತ್ತೆ, ಯಜಮಾನ್ರೇ. ನಾಳೆ ಶನಿವಾರ, ಅಳಿಯಂದಿರಿಗೆ ರಜಾ. ಮಧ್ಯಾಹ್ನಕ್ಕೂ ಮಾಡಬಹುದು."