ಡಬ್ಬಾ ಪೂಜೆಯ ಬಾಳೆಗಿಡ

ಸತ್ಯಮೂರ್ತಿ ಮಾಡಿದ ತಪ್ಪು ಇಷ್ಟೇ: ಸಾಂತಾಕ್ರೂಜ್ ಸ್ಟೇಷನ್ನಿನಲ್ಲಿ ಗುರಲಿಂಗಪ್ಪ ಏನು ಕೇಳಿದ ಎಂದು ಗಮನಿಸದೆ ತಲೆಯಾಡಿಸಿದ್ದು.

ಮಾತಿನ ಬದಲು ತಲೆಯಾಡಿಸಿ ದಿನ ಕಳೆಯುವವನು ಅವನು. ಆ ಬೆಳಿಗ್ಗೆ ಅವನ ತೋಳಿನಲ್ಲಿ, ಪ್ಲಾಸ್ಟಿಕ್ ಚೀಲದ ಮಣ್ಣಿನಲ್ಲಿ ನಿಂತ ಸೊಂಟದೆತ್ತರದ ಬಾಳೆಗಿಡವಿತ್ತು. ಎಲೆಯಿಂದ ಸೋಸಿ ಬಂದ ಬಿಸಿಲು ಬಿಳಿ ಅಂಗಿಯ ಮೇಲೆ ಹಸಿರಾಗಿ ಬಿದ್ದಿತ್ತು. ಸತ್ಯಮೂರ್ತಿ ಆ ಹಸಿರಿನೊಳಗೆ ಎಲ್ಲೋ ಕಳೆದುಹೋಗಿದ್ದ.

"ಪೂಜಿಗೆ ತಂದೀರೇನ್ರೀ ಸರ?" ಎಂದು ಕೇಳಿದ್ದ ಗುರಲಿಂಗಪ್ಪ.

ಮರುದಿನ ವಿಜಯದಶಮಿ. ದಿನವೂ ಒಂದೇ ಲೋಕಲ್ ರೈಲಿನ ಒಂದೇ ಬೋಗಿಯಲ್ಲಿ, ಅವರ ಮಾತಿನ ಡಬ್ಬಾದಲ್ಲಿ, ಫೋರ್ಟ್ ಬಡಾವಣೆಯ ಕಚೇರಿಗಳಿಗೆ ಹೋಗುವವರು, ತಮ್ಮನ್ನು ವರ್ಷವಿಡೀ ಹೊತ್ತ ಆ ಡಬ್ಬಾಕ್ಕೆ ಹಬ್ಬದ ಹಿಂದಿನ ದಿನವೇ ಪೂಜೆ ಮಾಡುತ್ತಾರೆ. ಬ್ಯಾಂಕೊಂದರ ಪ್ಯೂನ್ ಗುರಲಿಂಗಪ್ಪನೇ ಪೂಜೆಯ ಮುಂದಾಳು. ಗಾಡಿ ಬಂದದ್ದೇ ತಡ, ಅವನು ಗಿಡವನ್ನು ಎತ್ತಿಕೊಂಡು ಒಳಗೆ ನುಗ್ಗಿದ.

ಸತ್ಯಮೂರ್ತಿಗೆ ಎಚ್ಚರವಾಗಿ, ಜನರನ್ನು ಸೀಳಿಕೊಂಡು ತಲುಪುವಷ್ಟರಲ್ಲಿ ಚೀಲ ಹರಿದಿತ್ತು. "ದೇವರಿಗಿ ಮಣ್ಣ ಯಾಕ್ರೀ?" ಎನ್ನುತ್ತ ಗುರಲಿಂಗಪ್ಪ ಬೇರುಗಳನ್ನು ಚಾಕುವಿನಿಂದ ಕತ್ತರಿಸಿದ. ಕಾಲೇಜಿನಲ್ಲಿ ಕಪ್ಪೆ ಕೊಯ್ಯುವಾಗಲೂ ಸತ್ಯಮೂರ್ತಿ ಅಷ್ಟು ಬೆವರಿರಲಿಲ್ಲ. ಗುರಲಿಂಗಪ್ಪ ಮುನ್ನಾದಿನ ಕೊಂಡುಕೊಟ್ಟಿದ್ದ ಒಂದು ಬಾಳೆಗಿಡವನ್ನು ಹಿಂದಿನ ಸ್ಟೇಷನ್ನುಗಳಲ್ಲಿ ಹತ್ತಿದವರು ಬಾಗಿಲ ಒಂದು ಬದಿಯ ಕಂಬಿಗೆ ಆಗಲೇ ಕಟ್ಟಿದ್ದರು. ಇದನ್ನು ಇನ್ನೊಂದು ಬದಿಗೆ ಬಿಗಿದರು.

"ಅದು ಪೂಜೆಯದಲ್ಲ! ಅದಕ್ಕೆ ರೋಗ ಇದೆ!"

"ಇರಲಿ ಬಿಡ್ರೀ. ದೇವಿ ಮುಂದ ನಿಂತ್ರ ತಾನ ಗುಣ ಆಕ್ಕೈತಿ."

"ಗುಣ ಆಗಿದೆ, ಅದೇ ತೊಂದರೆ!"

ಡಬ್ಬಾಕ್ಕೆ ಡಬ್ಬಾವೇ ನಕ್ಕಿತು. ಮೈಸೂರಿನ ಕಡೆಯ ಹಿರಿಯಣ್ಣನವರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. "ಕೂತ್ಕೊಳ್ಳಪ್ಪ. ನಿಧಾನವಾಗಿ ಹೇಳು. ಏನು ಗಿಡ ಅದು?"

ಸತ್ಯಮೂರ್ತಿ ಹೇಳಿದ. ಬಾಳೆಯ ಎಲೆಗಳನ್ನೆಲ್ಲ ತುದಿಯಲ್ಲಿ ಮುದುಡಿ ಗೊಂಚಲು ಮಾಡುವ ವೈರಸ್ಸೊಂದಿದೆ. ಅದು ಗಿಡದೊಳಗೆ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುವಾಗ ಒಮ್ಮೊಮ್ಮೆ ತುಂಡು ನಕಲುಗಳು ಹುಟ್ಟುತ್ತವೆ. ಅವು ತಾವಾಗಿ ರೋಗ ತರಲಾರವು, ಅಸಲಿ ವೈರಸ್ಸಿಗೆ ಬೇಕಾದದ್ದನ್ನೆಲ್ಲ ಕಬಳಿಸಿ ಅದನ್ನು ಸೊರಗಿಸುತ್ತವೆ. ಈ ಗಿಡದಲ್ಲಿ ಹಾಗೆ ಆಗಿದೆ ಎಂದು ಅವನ ನಂಬಿಕೆ. ವೈರಸ್ ಇದೆ, ಆದರೂ ಎಲೆ ಅರಳಿದೆ.

"ಗೊತ್ತಾಯ್ತು," ಎಂದರು ಹಿರಿಯಣ್ಣನವರು. "ಕೊನೇ ಸ್ಟೇಷನ್ ಚರ್ಚ್‌ಗೇಟಿಗೆ ಹೋಗೋರು ನಡುವೆ ಬಾಂದ್ರಾದಲ್ಲಿ ಬಾಗಿಲಿಗೆ ಅಡ್ಡ ನಿಂತ ಹಾಗೆ. ತಾವೂ ಇಳಿಯೋಲ್ಲ, ಇನ್ನೊಬ್ಬರನ್ನೂ ಹತ್ತಗೊಡೋಲ್ಲ."

ಅವನ ಮೂರು ವರ್ಷದ ಸಂಶೋಧನೆಯಲ್ಲಿ ಇದನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಆದರೆ ಈ ಹೊತ್ತು ಫೋರ್ಟಿನ ಕಚೇರಿಯೊಂದರಲ್ಲಿ, ಬೆಂಗಳೂರಿನಿಂದ ಬಂದ ಡಾಕ್ಟರ್ ಜಯಸಿಂಹ ಗಿಡವನ್ನು ನೋಡುವವರಿದ್ದರು. ಅವರು ಒಪ್ಪಿದರೆ ಸಂಶೋಧನೆಗೆ ಇನ್ನೊಂದು ವರ್ಷ. ಇಲ್ಲದಿದ್ದರೆ ತುಮಕೂರಿನಲ್ಲಿ ಭಾವನ ಔಷಧಿ ಅಂಗಡಿ. ಕಚೇರಿಯ ಹೆಸರು ಸಮೇತ ಅದನ್ನೂ ಹಿರಿಯಣ್ಣನವರಿಗೆ ಹೇಳಿಕೊಂಡ.

ಪೂಜೆ ಮುಗಿಯದೆ ಗಿಡ ಬಿಚ್ಚುವಂತಿಲ್ಲ ಎಂದರು ಎಲ್ಲರೂ. ಆರತಿಯಾಯಿತು. ಚೆಂಡುಹೂವಿನ ವಾಸನೆಗೆ ಮಾಹಿಮ್ ಕೊಲ್ಲಿಯ ವಾಸನೆ ಬೆರೆಯಿತು. ಗಾಳಿಗೆ ಎರಡೂ ಗಿಡಗಳು ಒಂದೇ ತಾಳದಲ್ಲಿ ತಲೆದೂಗುತ್ತಿದ್ದವು. ಸತ್ಯಮೂರ್ತಿ ಅವುಗಳನ್ನೇ ನೋಡುತ್ತ ಕೂತ. ಗಾಡಿಯ ಸದ್ದು ದೂರವಾಯಿತು, ನಗರವೇ ಒಂದು ದೊಡ್ಡ ಎಲೆಯ ನೆರಳಿನಲ್ಲಿ ಜಾರಿಹೋಗುತ್ತಿರುವಂತೆ ಅನಿಸಿತು.

ಚರ್ಚ್‌ಗೇಟಿನಲ್ಲಿ ಜನ ಅವನನ್ನು ಹಿಟ್ಟಿನ ಮೂಟೆಯಂತೆ ಹೊರಗೆ ತಳ್ಳಿದರು. ಮತ್ತೆ ಒಳಗೆ ಹತ್ತಿದಾಗ ಎಡ ಯಾವುದು ಬಲ ಯಾವುದು ಎಂಬುದೇ ಕಲಸಿಹೋಗಿತ್ತು. ಯಾವ ಗಿಡ ತನ್ನದು? ಬೇರಿಲ್ಲ, ಮಣ್ಣಿಲ್ಲ. ಎರಡಕ್ಕೂ ಕುಂಕುಮ, ಎರಡಕ್ಕೂ ಹಾರ. ಹೆತ್ತವನೇ ಗುರುತಿಸಲಾರದಂಥ ಸ್ಥಿತಿ. ಹತ್ತಿರದ ಗಿಡದ ಎಲೆಯನ್ನು ಬೆಳಕಿಗೆ ಹಿಡಿದ. ನಡುನಾಳದ ಪಕ್ಕದಲ್ಲಿ ತುಂಡು ತುಂಡಾದ ಕಡುಹಸಿರು ಗೆರೆಗಳಿದ್ದವು, ವೈರಸ್ಸಿನ ಗುರುತು! ಇನ್ನೊಂದನ್ನು ನೋಡುವ ಅಗತ್ಯ ಕಾಣಲಿಲ್ಲ. ಬಿಚ್ಚಿಕೊಂಡು ಓಡಿದ.

ಡಾಕ್ಟರ್ ಜಯಸಿಂಹ ಭೂತಗನ್ನಡಿ ಹಿಡಿದು ಎಲೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು.

"ವೈರಸ್ ಇದೆ," ಎಂದರು ಕೊನೆಗೆ. "ಗಿಡವೂ ಚೆನ್ನಾಗಿದೆ. ಇಂಥದ್ದು ಬೇರೆಲ್ಲೂ ಸಿಕ್ಕಿಲ್ಲ ಅಂತೀರಿ?"

"ಎಲ್ಲೂ ಇಲ್ಲ ಸಾರ್. ನಮ್ಮ ಗಾಜಿನ ಮನೆಯಲ್ಲಿ, ನೂರಾರು ಗಿಡಗಳಲ್ಲಿ ಇದೊಂದೇ."

"ಹಾಗಾದರೆ ಇನ್ನೊಂದು ವರ್ಷ ಕೊಡಲೇಬೇಕಾಗುತ್ತೆ." ಅವರು ಪೆನ್ನಿನ ಮುಚ್ಚಳ ತೆಗೆದರು.

ಬಾಗಿಲು ದಢಾರನೆ ತೆರೆಯಿತು. ಗುರಲಿಂಗಪ್ಪ! ಮೈಯೆಲ್ಲ ಬೆವರು, ಹೆಗಲ ಮೇಲೆ ಬಾಳೆಗಿಡ.

"ಸರ, ಘಾತ ಆತ್ರೀ! ನಿಮ್ಮದನ್ನ ನಾ ಎಡಕ್ಕ ಕಟ್ಟಿದ್ದೆ, ನೀವು ಬಲಕ್ಕಿಂದು ಬಿಚ್ಚಿಕೊಂಡ್ ಬಂದೀರಿ. ಹಿರಿಯಣ್ಣ ಸಾಹೇಬ್ರು ಈ ಆಫೀಸು ಹೇಳಿದ್ರು, ಓಡಿ ಬಂದೆ. ತಗೋರಿ, ಅಸಲಿ ನಿಮ್ದು!"

ಜಯಸಿಂಹರು ಎರಡು ಗಿಡಗಳನ್ನೂ ಮೇಜಿನ ಮೇಲೆ ಮಲಗಿಸಿದರು. ಭೂತಗನ್ನಡಿ ಆ ಎಲೆಯಿಂದ ಈ ಎಲೆಗೆ, ಈ ಎಲೆಯಿಂದ ಆ ಎಲೆಗೆ ಓಡಾಡಿತು. ಎರಡರಲ್ಲೂ ಅವೇ ಗೆರೆಗಳು. ಎರಡರಲ್ಲೂ ಅರಳಿದ ಎಲೆಗಳು.

"ಆ ಮೊದಲನೇದು ಎಲ್ಲಿಂದ ತಂದಿರಿ?" ಎಂದು ಗುರಲಿಂಗಪ್ಪನನ್ನು ಕೇಳಿದರು.

"ದಾದರ್ ಸ್ಟೇಷನ್ ಹೊರಗ್ರೀ. ವಸಾಯಿ ತ್ವಾಟದ ಮಾಲು."

ಜಯಸಿಂಹರು ಪೆನ್ನಿಗೆ ಮುಚ್ಚಳ ಹಾಕಿದರು. "ಮೂರು ವರ್ಷ ಗಾಜಿನ ಮನೆಯಲ್ಲಿ ಹುಡುಕಿದ್ದು ದಾದರಿನ ಬೀದಿಯಲ್ಲಿ ಮಾರಾಟಕ್ಕಿದೆ ಸತ್ಯಮೂರ್ತಿಯವರೇ. ಇನ್ನು ವಸಾಯಿಗೆ ಕೃಷಿ ಇಲಾಖೆಯವರನ್ನು ಕಳಿಸಿದರಾಯ್ತು. ನಿಮಗೆ ಮತ್ತೊಂದು ವರ್ಷ ಯಾತಕ್ಕೆ, ಹೇಳಿ?"

ಸತ್ಯಮೂರ್ತಿ ತಲೆಯಾಡಿಸಿದ. ಕಿಟಕಿಯಾಚೆ ಯಾವುದೋ ಕಚೇರಿಯ ಪೂಜೆಯ ಗಂಟೆ ಕೇಳಿಸುತ್ತಿತ್ತು.

ಅವನ ಮುಖ ಬಾಡಿದ್ದು ಕಂಡು ಗುರಲಿಂಗಪ್ಪ ಹತ್ತಿರ ಬಂದ.

"ಗಿಡ ಸಾಲಲಿಲ್ಲೇನ್ರೀ ಸರ?" ಎಂದ, ಮೆಲ್ಲಗೆ ಅವನ ಭುಜ ಮುಟ್ಟಿ. "ಚಿಂತಿ ಮಾಡಬ್ಯಾಡ್ರಿ. ಸಂಜಿಗಿ ಒಂದ್ ಹೊರಿ ತಂದ್ ಒಗೀತೀನಿ."